ಶಬ್ದಗಳ ಟಂಕಸಾಲೆ

ವ್ಯಾಕರಣವೆಂದೊಡನೆ ನಮ್ಮಲ್ಲಿ ಬಹುಮಂದಿಗೆ ಉಂಟಾಗುವ ಭಾವಗಳು ಎರಡು: ಒಂದು ಭಯ, ಇನ್ನೊಂದು ಬೇಸರ. ಇಂಗ್ಲಿಷ್ ವ್ಯಾಕರಣವೆಂದರೆ ಈ ಎರಡೂ ಕೂಡಿಯೇ ಬರುತ್ತವೆ. ಕ್ರಿಯಾಪದಗಳ ಕಾಲಭೇದ, ಕರ್ತರಿ ಕರ್ಮಣಿ ಪ್ರಯೋಗಗಳ ಪರಿವರ್ತನೆ ಮೊದಲಾದವನ್ನು ಬಾಲ್ಯದಲ್ಲಿ ಕಂಠಪಾಠಮಾಡಿದವರು ದೊಡ್ಡವರಾದ ಮೇಲೆ ಆ ಪುಸ್ತಕವನ್ನು ತಿರುಗಿ ನೋಡುವುದು ಅಪೂರ್ವ. ಆದರೆ ಅಂಥ ಪುಸ್ತಕಗಳ ಕೊನೆಯ ಪುಟಗಳಲ್ಲಿ, ಯಾರೂ ಅಷ್ಟಾಗಿ ಲಕ್ಷ್ಯವಿಡದ ಮೂಲೆಯಲ್ಲಿ, ಶಬ್ದಗಳು ಹುಟ್ಟುವ ಬಗೆಯನ್ನು ಹೇಳುವ ಒಂದು ಅಧ್ಯಾಯ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಉಪಸರ್ಗಗಳ ಒಂದು ಪಟ್ಟಿ, ಪ್ರತ್ಯಯಗಳ ಒಂದು ಪಟ್ಟಿ, ಸಮಾಸಕ್ಕೆ ಕೆಲವು ಉದಾಹರಣೆ, ಅಲ್ಲಿಗೆ ಮುಗಿಯಿತು. ನನ್ನ ಮಟ್ಟಿಗೆ ಹೇಳುವುದಾದರೆ, ಆ ವ್ಯಾಕರಣದಲ್ಲಿ ಓದಿ ಸಂತೋಷಪಡತಕ್ಕ ಭಾಗ ಇದೇ. ಉಳಿದ ಭಾಗಗಳು ಭಾಷೆಯೆಂಬ ಮನೆಯಲ್ಲಿ ನಾವು ಹೇಗೆ ನಡೆದುಕೊಳ್ಳಬೇಕೆಂಬುದನ್ನು ಹೇಳುತ್ತವೆ. ಈ ಭಾಗವಾದರೋ ಆ ಮನೆಯನ್ನು ಕಟ್ಟಿದವರು ಯಾರು, ಕಲ್ಲನ್ನು ಎಲ್ಲಿಂದ ತಂದರು ಎಂಬುದನ್ನು ತಿಳಿಸುತ್ತದೆ.

ಒಂದು ನಿದರ್ಶನವನ್ನು ನೋಡೋಣ. ಸಂತೆಗೆ ಸೊಪ್ಪು ತರುವ ಅಜ್ಜಿಗೂ ಚೆನ್ನಾಗಿ ಪರಿಚಿತವಾದ ಮಾತು 'ಬಸ್ಸು'. ಅದರ ಮೂಲವನ್ನು ಹುಡುಕಿಕೊಂಡು ಹೊರಟರೆ ಲ್ಯಾಟಿನ್ ಭಾಷೆಯ ವಿಭಕ್ತಿಪ್ರಕರಣಕ್ಕೆ ಹೋಗಿ ನಿಲ್ಲುತ್ತೇವೆ. ಆ ಭಾಷೆಯಲ್ಲಿ 'ಆಮ್ನಿಸ್' ಎಂದರೆ ಎಲ್ಲ. 'ಆಮ್ನಿಬಸ್' ಎಂದರೆ ಎಲ್ಲರಿಗೆ, ಅಂದರೆ ಚತುರ್ಥೀವಿಭಕ್ತಿಯ ಬಹುವಚನ. 19ನೆಯ ಶತಮಾನದ ಮೂರನೆಯ ದಶಕದಲ್ಲಿ ಫ್ರಾನ್ಸಿನಲ್ಲಿ, ಕಾಸುಕೊಟ್ಟ ಯಾರಿಗಾದರೂ ಸ್ಥಳ ದೊರೆಯುವ ಕುದುರೆಗಾಡಿಗಳು ಓಡಾಡತೊಡಗಿದಾಗ ಅವಕ್ಕೆ ಈ ಹೆಸರು ಬಂದಿತು. 1829ರಲ್ಲಿ ಜಾರ್ಜ್ ಶಿಲಿಬಿಯರ್ ಎಂಬವನು ಲಂಡನ್ನಿನಲ್ಲಿಯೂ ಅಂಥ ಗಾಡಿಯನ್ನು ಓಡಿಸಿದನು. ಆ ನಗರದ ಜನಕ್ಕೆ ಅಷ್ಟುದ್ದದ ಮಾತನ್ನು ಹೇಳುವ ವ್ಯವಧಾನವಿರಲಿಲ್ಲ. ಅವರು ತಲೆಯನ್ನು ಕತ್ತರಿಸಿ ಬಾಲವನ್ನು ಉಳಿಸಿಕೊಂಡರು. 'ಎಲ್ಲ' ಎಂಬ ಅರ್ಥವಿದ್ದದ್ದು ತಲೆಯಲ್ಲಿ. ಉಳಿದದ್ದು ಬರಿಯ ಪ್ರತ್ಯಯದ ತುಂಡು. ನಾವು 'ಎಲ್ಲರಿಗೆ' ಎಂಬುದರಲ್ಲಿ ಮೊದಲನ್ನು ಬಿಟ್ಟು, "ರಿಗೆ ಬಂತು, ಬೇಗ ಹತ್ತಿ" ಎಂದು ಕೂಗಿದರೆ ಹೇಗಿರುತ್ತದೆಯೋ ಇದೂ ಹಾಗೆಯೇ. ಆ ತುಂಡು ಸಮುದ್ರವನ್ನು ದಾಟಿ ನಮ್ಮಲ್ಲಿಗೆ ಬಂದ ಮೇಲೆ ನಾವು ಅದಕ್ಕೊಂದು ಉಕಾರವನ್ನು ಕೊಟ್ಟು, ನಮ್ಮ ಬಹುವಚನವನ್ನೂ ನಮ್ಮ ಚತುರ್ಥಿಯನ್ನೂ ಹಚ್ಚಿ 'ಬಸ್ಸುಗಳಿಗೆ' ಎಂದೆವು. ಚತುರ್ಥಿಯ ಮೇಲೆ ಇನ್ನೊಂದು ಚತುರ್ಥಿ! ಇದನ್ನು ಸೂತ್ರದಿಂದ ಸಾಧಿಸಿಕೊಡಿರೆಂದರೆ ಯಾವ ಪಂಡಿತರೂ ಒಪ್ಪಲಾರರು. ಆದರೆ ಬಸ್ಸು ಮಾತ್ರ ಊರಿಂದೂರಿಗೆ ಸುಖವಾಗಿ ಓಡುತ್ತಿದೆ.

ಇಂಗ್ಲಿಷಿನಲ್ಲಿ ಇಂಥ ಶಬ್ದಗಳು ಒಂದೆರಡಲ್ಲ. ಮಡಿಲಿಗೆ ಕಟ್ಟಿಕೊಳ್ಳುವ ಬಟ್ಟೆಗೆ ಅವರು 'ಏಪ್ರನ್' ಎನ್ನುತ್ತಾರೆ. ಅದು ಮೊದಲು 'ನೇಪ್ರನ್' ಆಗಿದ್ದಿತು. ಹಿಂದೆ ಬರುವ 'ಎ' ಎಂಬ ಉಪಪದವನ್ನು ಕೂಡಿಸಿ ಹೇಳುವಾಗ, ನಕಾರವು ಉಪಪದಕ್ಕೆ ಸೇರಿದ್ದೋ ಶಬ್ದಕ್ಕೆ ಸೇರಿದ್ದೋ ಎಂದು ಕಿವಿಗೆ ತೋರದೆ, ಜನ ತಪ್ಪಾಗಿ ಪದಚ್ಛೇದ ಮಾಡಿ ಉಪಪದಕ್ಕೇ ಕೊಟ್ಟುಬಿಟ್ಟರು. ಅದರ ದಾಯಾದಿಯಾದ 'ನ್ಯಾಪ್ಕಿನ್' ಎಂಬ ಮಾತಿನಲ್ಲಿ ಆ ನಕಾರ ಇನ್ನೂ ಉಳಿದಿದೆ. 'ಆಡರ್' ಎಂಬ ಹಾವಿನ ಹೆಸರೂ ಹೀಗೆಯೇ ನಕಾರವನ್ನು ಕಳೆದುಕೊಂಡಿತು. 'ನಿಕ್‌ನೇಮ್' ಎಂಬುದರಲ್ಲಿ ನಡೆದದ್ದು ಇದಕ್ಕೆ ವಿರುದ್ಧ. 'ಈಕ್' ಎಂದರೆ ಹೆಚ್ಚಿನದು. 'ಈಕ್‌ನೇಮ್' ಎಂದರೆ ಇಟ್ಟ ಹೆಸರಿನ ಮೇಲೆ ಕರೆಯುವ ಇನ್ನೊಂದು ಹೆಸರು. ಅದು ಉಪಪದದ ನಕಾರವನ್ನು ಸೆಳೆದುಕೊಂಡು ತನ್ನದೇ ಮಾಡಿಕೊಂಡಿತು. ನಮ್ಮ ಸಂಸ್ಕೃತದ 'ನಾರಂಗ'ವು ಪಾರಸಿ, ಅರಬ್ಬಿಗಳ ದಾರಿಯಲ್ಲಿ ಯೂರೋಪಿಗೆ ಹೋಗಿ, ಇಂಗ್ಲಿಷನ್ನು ಮುಟ್ಟುವ ಮೊದಲೇ ತನ್ನ ನಕಾರವನ್ನು ಕಳೆದುಕೊಂಡು 'ಆರೆಂಜ್' ಆಯಿತು. ಇವೆಲ್ಲ ತಪ್ಪುಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇಂದು ಯಾರಾದರೂ ಶುದ್ಧರೂಪವನ್ನೇ ಬಳಸುವೆನೆಂದು 'ನೇಪ್ರನ್' ಎಂದರೆ ತಪ್ಪು ಅವರದೇ ಆಗುತ್ತದೆ.

ಮೊದಲು ಧಾತು ಅಥವಾ ಪ್ರಕೃತಿ, ಆಮೇಲೆ ಪ್ರತ್ಯಯ, ಅನಂತರ ಪದ: ಇದು ನಾವು ಕಲಿತ ಕ್ರಮ. ತಾಯಿ ಮೊದಲು, ಮಗಳು ಆಮೇಲೆ ಎಂಬಷ್ಟು ಸಹಜವಾಗಿ ಇದು ತೋರುತ್ತದೆ. ಆದರೆ ಇಂಗ್ಲಿಷಿನಲ್ಲಿ ಮಗಳು ತಾಯಿಯನ್ನು ಹೆತ್ತ ಪ್ರಸಂಗಗಳೂ ಉಂಟು. 'ಎಡಿಟರ್' ಎಂಬ ನಾಮಪದ 17ನೆಯ ಶತಮಾನದಲ್ಲಿಯೇ ಇದ್ದಿತು. 'ಎಡಿಟ್' ಎಂಬ ಕ್ರಿಯಾಪದ ಬಂದದ್ದು 18ನೆಯ ಶತಮಾನದ ಕೊನೆಗೆ. ಓದುವವನು, ಬರೆಯುವವನು ಎಂಬರ್ಥದ ಶಬ್ದಗಳ ತುದಿಯಲ್ಲಿ ಪ್ರತ್ಯಯವಿರುವುದನ್ನು ಕಂಡವರು, ಇದರ ತುದಿಯನ್ನೂ ಪ್ರತ್ಯಯವೆಂದು ತಿಳಿದು ತೆಗೆದುಹಾಕಿ ಧಾತುವನ್ನು ಪಡೆದರು. ಬಟಾಣಿಯ ಹೆಸರೂ ಹೀಗೆಯೇ. ಅದು ಮೊದಲು 'ಪೀಸ್' ಎಂಬ ಏಕವಚನವಾಗಿದ್ದಿತು. ಕೊನೆಯ ಸಕಾರವನ್ನು ಬಹುವಚನದ ಪ್ರತ್ಯಯವೆಂದು ಬಗೆದು 'ಪೀ' ಎಂಬ ಹೊಸ ಏಕವಚನವನ್ನು ಹುಟ್ಟಿಸಿದರು. ಇದರಲ್ಲಿ ನನಗೆ ಕಾಣುವ ವಿಶೇಷವೇನೆಂದರೆ, ಹಾಗೆ ಮಾಡಿದವರಿಗೆ ವ್ಯಾಕರಣ ತಿಳಿದಿರಲಿಲ್ಲವೆಂಬುದಲ್ಲ, ತಿಳಿದಿದ್ದಿತೆಂಬುದು. ಪ್ರತ್ಯಯದ ನಿಯಮ ಮನಸ್ಸಿನಲ್ಲಿ ಆಳವಾಗಿ ಕುಳಿತಿದ್ದುದರಿಂದಲೇ ಅವರು ಅದನ್ನು ಇಲ್ಲದ ಕಡೆಯಲ್ಲಿಯೂ ಕಂಡರು.

ಇನ್ನು ನಾಮಪದವನ್ನೇ ಕ್ರಿಯಾಪದವಾಗಿ ಬಳಸುವ ಇಂಗ್ಲಿಷಿನವರ ಧಾರಾಳವನ್ನು ನೋಡಬೇಕು. 'ವಾಟರ್' ಎಂದರೆ ನೀರೂ ಹೌದು, ನೀರೆರೆಯುವುದೂ ಹೌದು. ಇದು ಮೊದಲಿಂದಲೂ ಹೀಗಿರಲಿಲ್ಲ. ಪ್ರಾಚೀನ ಇಂಗ್ಲಿಷಿನಲ್ಲಿ ಉತ್ತರಕ್ಕೆ 'ಆಂಡ್‌ಸ್ವರು' ಎಂದೂ ಉತ್ತರಿಸುವುದಕ್ಕೆ 'ಆಂಡ್‌ಸ್ವರಿಯನ್' ಎಂದೂ ಬೇರೆಬೇರೆ ರೂಪಗಳಿದ್ದುವು. ನಾರ್ಮನ್ನರು 1066ರಲ್ಲಿ ಆ ದೇಶವನ್ನು ಗೆದ್ದ ಕಾಲದ ಹಿಂದುಮುಂದಿನ ಶತಮಾನಗಳಲ್ಲಿ ಪದಾಂತ್ಯದ ಸ್ವರಗಳು ಸವೆದು ಹೋಗಿ, ಎರಡೂ 'ಆನ್ಸರ್' ಎಂಬ ಒಂದೇ ರೂಪಕ್ಕೆ ಬಂದು ನಿಂತುವು. ನಮ್ಮಲ್ಲಿ ನಡೆ, ನುಡಿ, ನಗು, ಅಳು ಎಂಬ ಅಚ್ಚಗನ್ನಡದ ಮಾತುಗಳು ಹೀಗೆ ಎರಡು ಕೆಲಸವನ್ನೂ ಮಾಡುತ್ತವೆ. ಆದರೆ 'ಉತ್ತರ'ದಂಥ ಶಬ್ದಕ್ಕೆ 'ಇಸು' ಎಂಬ ಪ್ರತ್ಯಯ ಬೇಕೇ ಬೇಕು. ಇಂಗ್ಲಿಷಿನವರು ಇದ್ದ ಆಸ್ತಿಯನ್ನು ಕಳೆದುಕೊಂಡರು. ಆ ಬಡತನದಿಂದಲೇ, ಯಾವ ಶಬ್ದವನ್ನಾದರೂ ಯಾವ ಸ್ಥಾನದಲ್ಲಾದರೂ ಕೂರಿಸುವ ಹೊಸ ಸ್ವಾತಂತ್ರ್ಯವನ್ನು ಸಂಪಾದಿಸಿದರು.

ಸಮಾಸದ ವಿಷಯಕ್ಕೆ ಬಂದರೆ ನಾವು ಅಷ್ಟೇನೂ ಪರದೇಶದಲ್ಲಿರುವಂತೆ ತೋರುವುದಿಲ್ಲ. 'ವಿಂಡ್‌ಮಿಲ್' ಎಂದರೆ ಗಾಳಿಯಿಂದ ತಿರುಗುವ ಗಿರಣಿ. 'ಫ್ಲೌರ್‌ಮಿಲ್' ಎಂದರೆ ಹಿಟ್ಟು ಮಾಡುವ ಗಿರಣಿ. ಹೊರರೂಪ ಒಂದೇ, ವಿಗ್ರಹವಾಕ್ಯ ಬೇರೆ. ಗಾಳಿಯನ್ನು ಬೀಸಿ ಹಿಟ್ಟಿನಿಂದ ತಿರುಗುವ ಗಿರಣಿಯೆಂದು ಯಾರೂ ಭ್ರಮಿಸುವುದಿಲ್ಲ. ಏಕೆಂದರೆ ಅರ್ಥವನ್ನು ಮಾಡುವುದು ವ್ಯಾಕರಣ ಮಾತ್ರವಲ್ಲ, ಲೋಕಾನುಭವವೂ ಹೌದು. ನಮ್ಮ 'ಮುಕ್ಕಣ್ಣ' ಮೂರು ಕಣ್ಣಲ್ಲ, ಅವುಗಳುಳ್ಳ ಶಿವ. ಅವರ 'ರೆಡ್‌ಬ್ರೆಸ್ಟ್' ಕೆಂಪು ಎದೆಯಲ್ಲ, ಅದುಳ್ಳ ಹಕ್ಕಿ. ಇಂಥ ಸಮಾಸಕ್ಕೆ ಇಂಗ್ಲಿಷಿನ ಭಾಷಾಶಾಸ್ತ್ರಜ್ಞರು ಹೆಸರನ್ನು ಹುಡುಕಿ, ಕೊನೆಗೆ 'ಬಹುವ್ರೀಹಿ' ಎಂಬ ನಮ್ಮ ಶಬ್ದವನ್ನೇ ಎತ್ತಿಕೊಂಡರು. 'ಸಂಧಿ' ಎಂಬುದೂ ಅವರ ಶಾಸ್ತ್ರಗ್ರಂಥಗಳಲ್ಲಿ ಹಾಗೆಯೇ ಸೇರಿಹೋಗಿದೆ. ಅವರ ಮನೆಯ ಸಾಮಾನನ್ನು ನಾವು ಎರವು ತಂದೆವೆಂದು ನಾಚುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇಷ್ಟಾದರೂ ಇಂಗ್ಲಿಷಿನಲ್ಲಿ ಮಡಿವಂತರಿಲ್ಲವೆಂದು ಯಾರೂ ತಿಳಿಯಬಾರದು. 16ನೆಯ ಶತಮಾನದಲ್ಲಿ ಸರ್ ಜಾನ್ ಚೀಕ್ ಎಂಬ ವಿದ್ವಾಂಸನು, ಪರಭಾಷೆಯ ಸಾಲದಿಂದ ತನ್ನ ನುಡಿ ಕೆಡುವುದೆಂದು ನೊಂದು, ಮತ್ತಾಯನ ಸುವಾರ್ತೆಯನ್ನು ಅನುವಾದಿಸುವಾಗ ನೂರು ಮಂದಿಯ ದಳಪತಿಯನ್ನು 'ಹಂಡ್ರೆಡರ್' ಎಂದು ಕರೆದನು. 19ನೆಯ ಶತಮಾನದಲ್ಲಿ ಡಾರ್ಸೆಟ್ ಪ್ರಾಂತ್ಯದ ಪಾದ್ರಿಯೂ ಕವಿಯೂ ಆಗಿದ್ದ ವಿಲಿಯಂ ಬಾರ್ನ್ಸ್ ಇನ್ನೂ ಮುಂದೆ ಹೋಗಿ, ವ್ಯಾಕರಣಕ್ಕೆ 'ಸ್ಪೀಚ್‌ಕ್ರಾಫ್ಟ್' ಎಂದೂ ನಮ್ಮ ಆಮ್ನಿಬಸ್ಸಿಗೆ 'ಫೋಕ್‌ವೇನ್' ಎಂದೂ ಅಚ್ಚ ಇಂಗ್ಲಿಷಿನ ಹೆಸರುಗಳನ್ನಿಟ್ಟನು. ಜನರ ಬಂಡಿ ಎಂಬುದು ಎಷ್ಟು ಚೆಲುವಾದ ಮಾತು! ಆದರೆ ಜನ ಅದನ್ನು ಹತ್ತಲಿಲ್ಲ. ಹೀಗೆಂದು ಅಚ್ಚನುಡಿಯ ಪ್ರಯತ್ನಗಳೆಲ್ಲ ವ್ಯರ್ಥವಾದುವೆಂದು ಹೇಳುವಂತೆಯೂ ಇಲ್ಲ. 1846ರಲ್ಲಿ ವಿಲಿಯಂ ಥಾಮ್ಸ್ ಎಂಬವನು ಅದೇ ಮಾದರಿಯಲ್ಲಿ ಕಟ್ಟಿದ 'ಫೋಕ್‌ಲೋರ್' ಎಂಬ ಮಾತು ಲೋಕವನ್ನೆಲ್ಲ ಸುತ್ತಿತು. ಒಂದೇ ಅಚ್ಚಿನಲ್ಲಿ ಒತ್ತಿದ ನಾಣ್ಯಗಳಲ್ಲಿ ಒಂದು ಚಲಾವಣೆಯಾಯಿತು, ಇನ್ನೊಂದು ಆಗಲಿಲ್ಲ. ಬೆಲೆಯನ್ನು ಕಟ್ಟಿದವರು ಒತ್ತಿದವರಲ್ಲ, ಸಂತೆಯವರು.

ಕೇಶಿರಾಜನು 13ನೆಯ ಶತಮಾನದಲ್ಲಿಯೇ ಈ ಕಷ್ಟವನ್ನು ಕಂಡಿದ್ದನು. ಕನ್ನಡವನ್ನೂ ಸಂಸ್ಕೃತವನ್ನೂ ಬೆಸೆದರೆ ಅರಿಸಮಾಸವೆಂದು ಶಬ್ದಮಣಿದರ್ಪಣದಲ್ಲಿ ನಿಷೇಧಿಸಿದ ಆ ವೈಯಾಕರಣನು, ಬಿರುದುಗಳಲ್ಲಿಯೂ ಹಿಂದಿನ ಕವಿಗಳ ಪ್ರಯೋಗಗಳಲ್ಲಿಯೂ ಬಂದವನ್ನು ಒಪ್ಪಿಕೊಂಡನು. ಇಂಗ್ಲಿಷಿನ 'ಟೆಲಿವಿಷನ್' ಎಂಬುದು ಅರ್ಧ ಗ್ರೀಕ್, ಅರ್ಧ ಲ್ಯಾಟಿನ್. ಅವರ ಲೆಕ್ಕದಲ್ಲಿ ಅದೂ ಅರಿಸಮಾಸವೇ. ನಮ್ಮ 'ಜಿಲ್ಲಾಧಿಕಾರಿ'ಯನ್ನು ನೋಡಿ: ಅರಬ್ಬಿಯಿಂದ ಬಂದ ಜಿಲ್ಲೆಗೂ ಸಂಸ್ಕೃತದ ಅಧಿಕಾರಿಗೂ ಸವರ್ಣದೀರ್ಘಸಂಧಿ! ಅವರ ಆಜ್ಞೆಗೆ ಇದರಿಂದ ಯಾವ ಕುಂದೂ ಬಂದಿಲ್ಲ.

ಇದನ್ನೆಲ್ಲ ಕೇವಲ ವಿನೋದಕ್ಕಾಗಿ ಬರೆಯುತ್ತಿಲ್ಲ. ಬಹುಕಾಲದ ಹಿಂದೆ ನಾನು ಕೆಲಸಮಾಡುತ್ತಿದ್ದ ಕಚೇರಿಯೊಂದರಲ್ಲಿ ವಯಸ್ಸಾದ ಗುಮಾಸ್ತರೊಬ್ಬರಿದ್ದರು. ಹಳ್ಳಿಯಲ್ಲಿ ಹುಟ್ಟಿ, ಸ್ವಂತ ಶ್ರಮದಿಂದ ಇಂಗ್ಲಿಷ್ ಕಲಿತವರು. ಸಭೆಯೊಂದನ್ನು ಗೊತ್ತಾದ ದಿನಕ್ಕಿಂತ ಮೊದಲೇ ನಡೆಸಬೇಕಾಗಿ ಬಂದಾಗ ಅವರು ತಮ್ಮ ಟಿಪ್ಪಣಿಯಲ್ಲಿ 'ಪ್ರಿಪೋನ್' ಎಂದು ಬರೆದರು. ಮೇಲಧಿಕಾರಿಗಳು ಅದಕ್ಕೆ ಕೆಂಪು ಶಾಯಿಯ ಗೀಟೆಳೆದು, ಎಲ್ಲರ ಎದುರಿಗೆ ಗಟ್ಟಿಯಾಗಿ ಓದಿ ನಕ್ಕರು, ಉಳಿದವರೂ ನಕ್ಕರು. ಅಂದಿನಿಂದ ಆ ಗುಮಾಸ್ತರು ಹಳೆಯ ಕಡತಗಳಿಂದ ವಾಕ್ಯಗಳನ್ನು ಎತ್ತಿ ಬರೆಯುವುದಲ್ಲದೆ ಸ್ವಂತವಾಗಿ ಒಂದು ಸಾಲನ್ನೂ ಬರೆದದ್ದನ್ನು ನಾನು ಕಾಣೆ. ಆದರೆ ಅವರ ಅಪರಾಧವಾದರೂ ಏನು? 'ಪೋಸ್ಟ್' ಎಂದರೆ ಅನಂತರ, 'ಪೋನ್' ಎಂಬುದು ಇಡುವುದೆಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದದ್ದು. ಎರಡೂ ಸೇರಿ ಮುಂದಕ್ಕೆ ಹಾಕುವುದು. 'ಪ್ರಿ' ಎಂದರೆ ಮೊದಲು; ಆದುದರಿಂದ 'ಪ್ರಿಪೋನ್' ಎಂದರೆ ಹಿಂದಕ್ಕೆ ತರುವುದು. ಏಪ್ರನ್ನಿನಲ್ಲಿರುವಂಥ ತಪ್ಪು ಇದರಲ್ಲಿಲ್ಲ. ಬಸ್ಸಿನಂತೆ ಅಂಗಭಂಗವೂ ಆಗಿಲ್ಲ. ವ್ಯಾಕರಣದ ದೃಷ್ಟಿಯಿಂದ ಅದು ಸರ್ವಾಂಗಸುಂದರವಾದ ಶಬ್ದ. ಭಾರತೀಯರ ಬಳಕೆಯ ಬಲದಿಂದಲೇ ಅದು ಇಂದು ಆಕ್ಸ್‌ಫರ್ಡ್ ನಿಘಂಟಿನಲ್ಲಿ ಸ್ಥಾನ ಪಡೆದಿದೆ. ಆ ಸುದ್ದಿಯನ್ನು ಅವರಿಗೆ ಹೇಳೋಣವೆಂದರೆ ಅವರು ಈಗಿಲ್ಲ.

ಅಂದಿನ ನಗೆಯ ಕಾರಣ ವ್ಯಾಕರಣವಲ್ಲ. ಶಬ್ದವನ್ನು ಟಂಕಿಸುವ ಅಧಿಕಾರ ಇವರಿಗೆಲ್ಲಿಯದು ಎಂಬ ಭಾವನೆ. ಆ ಅಧಿಕಾರ ಇಂಗ್ಲಿಷಿನಲ್ಲಿ ಯಾರಿಗಿದ್ದಿತು? ಒಂದರ ಮುಂದೆ ನೂರು ಸೊನ್ನೆಗಳಿರುವ ಸಂಖ್ಯೆಗೆ ಹೆಸರೇನೆಂದು ಎಡ್ವರ್ಡ್ ಕ್ಯಾಸ್ನರ್ ಎಂಬ ಅಮೆರಿಕದ ಗಣಿತಜ್ಞನು ಕೇಳಿದಾಗ, ಅವನ ಒಡಹುಟ್ಟಿದವರ ಮಗನಾದ ಚಿಕ್ಕ ಹುಡುಗನೊಬ್ಬನು 'ಗೂಗಾಲ್' ಎಂದನಂತೆ. ಆ ಮಾತು ಕಾಗುಣಿತ ಬದಲಾಗಿ ಒಂದು ವ್ಯಾಪಾರಸಂಸ್ಥೆಯ ಹೆಸರಾಯಿತು. ಆ ಹೆಸರು ಹುಡುಕುವುದೆಂಬ ಅರ್ಥದ ಕ್ರಿಯಾಪದವಾಗಿ 2006ರಲ್ಲಿ ಆಕ್ಸ್‌ಫರ್ಡ್ ನಿಘಂಟನ್ನು ಸೇರಿತು. ಬಾಲಕನಿಗೆ ಉಂಟಾದ ಅಧಿಕಾರ ನಮ್ಮ ಗುಮಾಸ್ತರಿಗೆ ಏಕಿಲ್ಲ?

ಕನ್ನಡಕ್ಕೂ ಈ ಮಾತು ಸಲ್ಲುತ್ತದೆ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನಲ್ಲಿ ಸ್ಥಾಪಿಸಿದ ಪ್ರಸಾರಕೇಂದ್ರಕ್ಕೆ 'ಆಕಾಶವಾಣಿ' ಎಂಬ ಹೆಸರಾಯಿತು. ಮುಂದೆ ಇಡೀ ದೇಶದ ಪ್ರಸಾರಸಂಸ್ಥೆ ಅದನ್ನೇ ಸ್ವೀಕರಿಸಿತು. ಅಶರೀರವಾಣಿಯ ಕಥೆಗಳನ್ನು ಕೇಳಿ ಬೆಳೆದ ಜನಕ್ಕೆ ಆ ಮಾತಿನ ಅರ್ಥವನ್ನು ಹೇಳಿಕೊಡಬೇಕಾಗಿರಲಿಲ್ಲ. ಹಾಗೆ ಬೇರೂರಿದ ಮಾತು ಬದುಕಿತು. ಕೋಣೆಯಲ್ಲಿ ಕುಳಿತು ಕಟ್ಟಿ, ಆಡುವವರ ಬಾಯಿಗೆ ಒಮ್ಮೆಯೂ ಕೊಟ್ಟುನೋಡದ ಪಾರಿಭಾಷಿಕ ಶಬ್ದಗಳು ಎಷ್ಟೋ ಪಟ್ಟಿಗಳಲ್ಲಿಯೇ ಉಳಿದಿವೆ. ಅವು ಕೆಟ್ಟ ಶಬ್ದಗಳೆಂದು ನಾನು ಹೇಳುವುದಿಲ್ಲ. ಅವಕ್ಕೆ ಸಂತೆಯ ದಾರಿ ತೋರಿಸಿದವರಿಲ್ಲ, ಅಷ್ಟೆ.

ಆದುದರಿಂದ ಉಪಾಧ್ಯಾಯರಲ್ಲಿ ನನ್ನದೊಂದು ವಿಜ್ಞಾಪನೆಯಿದೆ. ಪುಸ್ತಕದ ಕೊನೆಯಲ್ಲಿರುವ ಆ ಅಧ್ಯಾಯವನ್ನು ಇಂಗ್ಲಿಷಿನಲ್ಲಾಗಲಿ ಕನ್ನಡದಲ್ಲಾಗಲಿ ಸ್ವಲ್ಪ ಮೊದಲೇ ತೆರೆಯಿರಿ. ಮಗುವು ನಿಘಂಟಿನಲ್ಲಿಲ್ಲದ ಮಾತೊಂದನ್ನು ಬರೆದು ತಂದರೆ, ಕೆಂಪು ಶಾಯಿಯನ್ನು ತೆಗೆದುಕೊಳ್ಳುವ ಮೊದಲು, "ಇದನ್ನು ಹೇಗೆ ಮಾಡಿದೆಯಪ್ಪ?" ಎಂದು ಒಮ್ಮೆ ಕೇಳಿರಿ. ಅದು ಹೇಳುವ ಉತ್ತರದಲ್ಲಿ, ನಾವು ಕಲಿಸಬೇಕೆಂದಿದ್ದ ವ್ಯಾಕರಣದ ಬಹುಭಾಗ ಆಗಲೇ ಇರುವುದು ನಮಗೆ ಕಂಡೀತು.