ಕೀಬೋರ್ಡೂ ನಾದದ ಔಚಿತ್ಯವೂ

ಭರತಮುನಿಯು ವಾದ್ಯಗಳನ್ನು ತತ, ಅವನದ್ಧ, ಘನ, ಸುಷಿರಗಳೆಂದು ನಾಲ್ಕು ವರ್ಗವಾಗಿ ವಿಂಗಡಿಸಿದನು. ಈಗಿನ ವಿದ್ಯುತ್ ಕೀಬೋರ್ಡು ಈ ನಾಲ್ಕರಲ್ಲಿ ಯಾವುದಕ್ಕೂ ಸೇರದು. ಆದರೂ ವೀಣೆ, ಮೃದಂಗ, ತಾಳ, ಕೊಳಲುಗಳ ದನಿಯನ್ನೆಲ್ಲ ಅದು ಅನುಕರಿಸಬಲ್ಲುದು. ಇಷ್ಟಾದರೂ ನುಡಿಸುವವನಿಗೆ ತೃಪ್ತಿಯಿಲ್ಲ. ಇನ್ನೊಂದು ಬಗೆಯ ಅನುರಣನ, ಮತ್ತೊಂದು ಬಗೆಯ ಪ್ರತಿಧ್ವನಿ ಬೇಕೆಂದು ಅವನ ಮನಸ್ಸು ಹಾತೊರೆಯುತ್ತದೆ.

ಈ ಹಂಬಲವು ಹೊಸದಲ್ಲ. ಪ್ಯಾರಿಸಿನ ದೆಬೆಯನು 1842ರಲ್ಲಿ ಹಾರ್ಮೋನಿಯಮಿಗೆ ಹಕ್ಕುಪತ್ರ ಪಡೆದಾಗ ಅದು ಕಾಲಿನಿಂದ ತುಳಿಯುವ ವಾದ್ಯವಾಗಿತ್ತು. ನಮ್ಮ ದೇಶದವರು ಅದನ್ನು ನೆಲದ ಮೇಲೆ ಕುಳಿತು ಕೈಯಿಂದ ತಿದಿಯೊತ್ತುವಂತೆ ಮಾರ್ಪಡಿಸಿದರು. ಆಧಾರಶ್ರುತಿಯು ಎಡೆಬಿಡದೆ ನುಡಿಯುವ ಏರ್ಪಾಟನ್ನೂ ಸೇರಿಸಿದರು. ಕಳೆದ ಶತಮಾನದ ಆದಿಯಲ್ಲಿ ದೇವಲ್ ಮತ್ತು ಕ್ಲೆಮೆಂಟ್ಸ್ ಎಂಬವರು ಇಪ್ಪತ್ತೆರಡು ಶ್ರುತಿಗಳನ್ನು ಅದರಲ್ಲಿ ಅಡಕಮಾಡಲು ಶ್ರಮಿಸಿದರು. ಕನ್ನಡದ ನಾಟಕ ಕಂಪೆನಿಗಳಲ್ಲಿ ಹಾರ್ಮೋನಿಯಮ್ ಮೇಷ್ಟರಿಗೆ ದೊಡ್ಡ ಗೌರವವಿದ್ದಿತು. ಆದರೆ ಗಮಕವು ಆ ಪೆಟ್ಟಿಗೆಗೆ ಒಲಿಯಲಿಲ್ಲ. 1940ರಲ್ಲಿ ರೇಡಿಯೋ ಇಲಾಖೆಯು ಅದನ್ನು ಹೊರಗಿಟ್ಟಿತು. 1971ರಲ್ಲಿ ಆ ನಿಷೇಧವು ಸಡಿಲವಾಯಿತು.

ಕೀಬೋರ್ಡಿನಲ್ಲಿ ಸ್ವರವನ್ನು ಬಾಗಿಸುವ ಪುಟ್ಟ ಚಕ್ರವುಂಟು. ಆದ್ದರಿಂದ ಹಳೆಯ ಕೊರತೆಯು ಕೆಲಮಟ್ಟಿಗೆ ನೀಗಿತು. ಆದರೆ ಸಾಮಾನ್ಯ ಬೆಲೆಯ ಅನೇಕ ಕೀಬೋರ್ಡುಗಳಲ್ಲಿ ಅನುರಣನವು ಎಲ್ಲ ದನಿಗಳಿಗೂ ಒಂದೇ ಆಗಿರುತ್ತದೆ. ಕೊಳಲಿಗೊಂದು, ತಂತಿಗೊಂದು ಎಂದು ಬೇರ್ಪಡಿಸಲಾಗದು. ಇದಕ್ಕೆ ಎರಡು ಉಪಾಯಗಳುಂಟು. ಕೀಬೋರ್ಡಿಗೂ ಧ್ವನಿವರ್ಧಕಕ್ಕೂ ನಡುವೆ ಎಫೆಕ್ಟ್ಸ್ ಪೆಟ್ಟಿಗೆಯೊಂದನ್ನು ಜೋಡಿಸುವುದು ಮೊದಲನೆಯದು. ಎರಡನೆಯದು, 1983ರಲ್ಲಿ ಬಳಕೆಗೆ ಬಂದ ಮಿಡಿ ಎಂಬ ಸಂಪರ್ಕ. ಇದರಲ್ಲಿ ಹರಿಯುವುದು ನಾದವಲ್ಲ. ಯಾವ ಮನೆಯನ್ನು, ಎಷ್ಟು ಬಲದಿಂದ ಒತ್ತಿದರು, ಯಾವಾಗ ಬಿಟ್ಟರು ಎಂಬ ಆಜ್ಞೆ ಮಾತ್ರ. ಆ ಆಜ್ಞೆಯನ್ನು ಕಂಪ್ಯೂಟರು ಸ್ವೀಕರಿಸಿ, ಒಂದೊಂದು ದನಿಗೂ ಬೇರೆಬೇರೆ ಸಂಸ್ಕಾರವಿತ್ತು ಹೊರಡಿಸುವುದು. ಯಾವ ಉಪಾಯವನ್ನು ಹಿಡಿದರೂ ಒಂದು ಎಚ್ಚರ ಬೇಕು. ಹೊರಗಿನಿಂದ ಅನುರಣನವನ್ನು ಸೇರಿಸುವಾಗ ವಾದ್ಯದೊಳಗಿನದನ್ನು ನಿಲ್ಲಿಸದಿದ್ದರೆ ಎರಡೂ ಬೆರೆತು ನಾದವು ಕದಡುತ್ತದೆ.

ಮಲೆನಾಡಿನಲ್ಲಿ ಈ ಎಚ್ಚರವು ಇಮ್ಮಡಿಯಾಗಬೇಕು. ಮೂಡಿಗೆರೆ, ಕಳಸಗಳ ಕಡೆ ಆಷಾಢದ ಮಳೆ ಹಿಡಿಯಿತೆಂದರೆ ತಗಡಿನ ಮಾಡಿನ ಮೇಲಿನ ಸದ್ದೇ ಭಜನೆಗೆ ಶ್ರುತಿಯಾಗುತ್ತದೆ. ಅದರ ಮೇಲೆ ಪ್ರತಿಧ್ವನಿಯನ್ನೂ ಹೇರಿದರೆ ದಾಸರ ಪದದ ಅಕ್ಷರವೊಂದೂ ಹಿಂದಿನ ಸಾಲಿನ ಮುದುಕಿಗೆ ಮುಟ್ಟದು. ಆಕೆ ಮಳೆಯಲ್ಲಿ ನೆನೆದು ಬಂದಿರುವುದು ಆ ಪದಕ್ಕಾಗಿಯೇ ಹೊರತು ಯಂತ್ರದ ಚಮತ್ಕಾರಕ್ಕಾಗಿ ಅಲ್ಲ. ನಡುವೆ ವಿದ್ಯುತ್ತು ಹೋಯಿತೆಂದರೆ ನೂರು ದನಿಗಳೂ ಒಮ್ಮೆಗೇ ಮೂಕವಾಗುತ್ತವೆ. ಮೂಲೆಯಲ್ಲಿದ್ದ ಹಳೆಯ ಹಾರ್ಮೋನಿಯಮ್ ಮುಂದಕ್ಕೆ ಬರುತ್ತದೆ, ಪದವು ನಿಲ್ಲದೆ ಸಾಗುತ್ತದೆ.

ಔಚಿತ್ಯವೇ ಕಾವ್ಯದ ಜೀವಿತವೆಂದು ಕ್ಷೇಮೇಂದ್ರನು ಸಾಧಿಸಿದನು. ನಾದಕ್ಕೂ ಈ ಮಾತು ಸಲ್ಲುತ್ತದೆ. ಅಲಂಕಾರಗಳು ಹೆಚ್ಚಿದಷ್ಟೂ ಆಯ್ಕೆಯ ಹೊಣೆಯೂ ಹೆಚ್ಚುತ್ತದೆ. ಹೊಸ ಪೆಟ್ಟಿಗೆಯನ್ನು ಕೊಳ್ಳಬಾರದೆಂದಲ್ಲ. ಯಾವ ಗುಬುಟನ್ನು ಯಾವಾಗ ತಿರುಗಿಸದೆ ಬಿಡಬೇಕೆಂಬುದನ್ನು ಬೆರಳುಗಳು ಕಲಿತ ಮೇಲೆ ಕೊಂಡರೆ ಅದು ಸಾರ್ಥಕವಾದೀತು.