ಬಾಗದ ಮೈಗೊಂದು ಇಟ್ಟಿಗೆ

ಅಯ್ಯಂಗಾರ್ ಯೋಗ ಕಲಿಸುವ ಕೋಣೆಗೆ ಮೊದಲ ಸಲ ಕಾಲಿಟ್ಟವರಿಗೆ ಅದು ಮದುವೆಮನೆಯ ಉಗ್ರಾಣದ ಹಾಗೆ ಕಾಣುತ್ತದೆ. ಗೋಡೆಗೊರಗಿಸಿದ ಮಡಚುವ ಕುರ್ಚಿಗಳು, ಮರದ ಇಟ್ಟಿಗೆಗಳು, ಕಂಬಳಿಗಳ ರಾಶಿ, ಲೋಡುಗಳು, ಕೊಕ್ಕೆಯಿಂದ ಇಳಿಬಿದ್ದ ಹಗ್ಗಗಳು. ಈ ಸಾಮಾನುಗಳ ಮೇಲೆ ನನಗೆ ಬಹಳ ಪ್ರೀತಿ. ಕಾಯಿಲೆಯ ಮೈಯಲ್ಲಿ ಬೆಳೆದ ಒಬ್ಬರು ಇನ್ನೊಂದು ದುರ್ಬಲ ಮೈಯನ್ನು ನೆನೆದು ಒದಗಿಸಿದ ಆಸರೆಗಳಿವು.

ಬಿ.ಕೆ.ಎಸ್. ಅಯ್ಯಂಗಾರರು ಹುಟ್ಟಿದ್ದು 1918ರ ಡಿಸೆಂಬರ್‌ನಲ್ಲಿ, ಕೋಲಾರ ಸೀಮೆಯ ಬೆಳ್ಳೂರಿನಲ್ಲಿ. ಇನ್‌ಫ್ಲುಯೆಂಜಾ ಊರೂರಿಗೆ ಹಬ್ಬಿದ್ದ ಕಾಲ. ಹೆತ್ತ ತಾಯಿಯನ್ನೂ ಅದು ಬಿಟ್ಟಿರಲಿಲ್ಲ. ಬಡಕಲು ಕೂಸಿಗೆ ಮುಂದೆ ಮಲೇರಿಯಾ, ಟೈಫಾಯಿಡ್, ಕ್ಷಯ ಒಂದರ ಹಿಂದೊಂದು ಬಂದವು. ಒಂಬತ್ತರ ವಯಸ್ಸಿಗೆ ತಂದೆಯೂ ಹೋದರು. 1934ರಲ್ಲಿ ಅಕ್ಕನ ಗಂಡ ತಿರುಮಲೈ ಕೃಷ್ಣಮಾಚಾರ್ಯರು ಹುಡುಗನನ್ನು ಮೈಸೂರಿಗೆ ಕರೆಸಿಕೊಂಡರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಭಾವನವರ ಯೋಗಶಾಲೆ ನಡೆಯುತ್ತಿತ್ತು. ಅವರ ಶಿಸ್ತು ಬಹಳ ಕಠಿಣ. ಮುಂದಕ್ಕೆ ಬಗ್ಗಿದರೆ ಹುಡುಗನ ಬೆರಳು ಮೊಣಕಾಲಿನ ಹತ್ತಿರಕ್ಕೆ ಬರುವುದೇ ಕಷ್ಟವಾಗಿತ್ತು. ಅಂಥವರು 1937ರಲ್ಲಿ ಯೋಗ ಕಲಿಸಲೆಂದು ಪುಣೆಗೆ ಹೊರಟರು, ಅಲ್ಲೇ ನೆಲೆನಿಂತರು. ಪಿಟೀಲು ವಾದಕ ಯೆಹೂದಿ ಮೆನುಹಿನ್ 1952ರಲ್ಲಿ ಶಿಷ್ಯರಾದದ್ದು, 1966ರಲ್ಲಿ ಅವರ ಪುಸ್ತಕ ‘ಲೈಟ್ ಆನ್ ಯೋಗ’ ಹೊರಬಂದು ಲೋಕವೆಲ್ಲ ಸುತ್ತಿದ್ದು ಎಲ್ಲರೂ ಬಲ್ಲ ಕಥೆ.

ನನ್ನ ಮನಸ್ಸು ನಿಲ್ಲುವುದು ಆ ಇಟ್ಟಿಗೆಯ ಹತ್ತಿರ. ತ್ರಿಕೋನಾಸನದಲ್ಲಿ ಕೈ ನೆಲ ಮುಟ್ಟಲೇಬೇಕೆಂದು ಹಟ ಹಿಡಿದರೆ ಬೆನ್ನು ಗೂನಾಗುತ್ತದೆ, ಎದೆ ಕುಸಿಯುತ್ತದೆ, ಉಸಿರು ಗಿಡ್ಡವಾಗುತ್ತದೆ. ಪಾದದ ಪಕ್ಕ ಇಟ್ಟಿಗೆ ನಿಲ್ಲಿಸಿ ಅದರ ಮೇಲೆ ಅಂಗೈ ಊರಿ ನೋಡಿ: ಪಕ್ಕೆಗಳು ಬಿಚ್ಚಿಕೊಳ್ಳುತ್ತವೆ, ಕತ್ತು ಹಗುರಾಗುತ್ತದೆ, ಉಸಿರು ತಾನಾಗಿ ಉದ್ದವಾಗುತ್ತದೆ. ಕುರ್ಚಿಯ ಸರ್ವಾಂಗಾಸನವಂತೂ ನನಗೆ ಹಬ್ಬ. ಭುಜ ಕಂಬಳಿಯ ಮೇಲೆ, ಸೊಂಟದ ಭಾರ ಕುರ್ಚಿಯ ಮೇಲೆ. ಅರವತ್ತು ದಾಟಿದವರೂ ನಿರಾಳವಾಗಿ ನಿಲ್ಲುತ್ತಾರೆ. ಹೀಗೆ ಆಸರೆ ಹಿಡಿದಾಗ ಮೈಯನ್ನು ಜಗ್ಗಬೇಕಿಲ್ಲ, ಹಾಗಾಗಿ ಕೀಲುಗಳ ಮೇಲೆ ಒತ್ತಡ ಕಡಿಮೆ.

ಮನಸ್ಸಿಗೂ ಇಲ್ಲಿ ಕೈತುಂಬ ಕೆಲಸವಿದೆ. ಸುಮ್ಮನೆ ನೆಟ್ಟಗೆ ನಿಲ್ಲುವ ತಾಡಾಸನದಲ್ಲೇ “ಹಿಮ್ಮಡಿ ಒತ್ತಿ, ಮೊಣಕಾಲಿನ ಚಿಪ್ಪು ಮೇಲೆಳೀರಿ, ಭುಜ ಹಿಂದೆ ಬಿಡಿ” ಎಂದು ಸೂಚನೆಗಳು ಬರುತ್ತಲೇ ಇರುತ್ತವೆ. ಭಾರ ಯಾವ ಪಾದದ ಮೇಲೆ ಹೆಚ್ಚು ಬಿದ್ದಿದೆ ಎಂದು ಹುಡುಕುತ್ತಿರುವಷ್ಟು ಹೊತ್ತು ಕಚೇರಿಯ ಚಿಂತೆ ಹತ್ತಿರ ಸುಳಿಯದು. ದೀರ್ಘಕಾಲದ ಸೊಂಟನೋವಿಗೆ ಮಾತ್ರೆಗಿಂತ ಮೊದಲು ಪ್ರಯತ್ನಿಸಬಹುದಾದ ಉಪಾಯಗಳಲ್ಲಿ ಯೋಗವನ್ನೂ 2017ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ ಹೆಸರಿಸಿತು. ಆದರೆ ವಿಡಿಯೊ ನೋಡಿ ತಲೆಕೆಳಗಾಗಬೇಡಿ; ಬಲ್ಲವರ ಕೈಕೆಳಗೆ ಕಲಿಯಿರಿ. ರಕ್ತದೊತ್ತಡವೋ ಗ್ಲಾಕೋಮಾವೋ ಇದ್ದರೆ ವೈದ್ಯರನ್ನು ಕೇಳಿ, ಕಲಿಸುವವರಿಗೂ ಮೊದಲೇ ಹೇಳಿಬಿಡಿ. ನನ್ನ ಮೈ ಬಾಗದು ಎಂದು ಹಿಂಜರಿಯುವವರೇ ಎಲ್ಲರಿಗಿಂತ ಮೊದಲು ಹೋಗಿ ಸೇರಬೇಕು.