ರಾಕ್ಷಸರಿಗೆ ಯಾವ ಪೋಸ್ಟು?

ನಮ್ಮೂರು ಕುಡತಿನಿ. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಸಿಗುತ್ತೆ. ಊರ ಹತ್ತಿರ ಗುಡ್ಡಗಳ ನಡುವೆ ಒಂದು ಬೂದಿ ದಿಬ್ಬ ಇದೆ. ಅದು ಭೀಮ ಕೊಂದ ಹಿಡಿಂಬಾಸುರನ ಬೂದಿ ಅಂತ ಜನ ಹೇಳುತ್ತಿದ್ದದ್ದನ್ನ 19ನೇ ಶತಮಾನದ ಬ್ರಿಟಿಷರೂ ಬರೆದಿಟ್ಟಿದ್ದಾರೆ. ಹಂಪಿ ಪಕ್ಕದ ನಿಂಬಾಪುರದ ದಿಬ್ಬಕ್ಕೆ ವಾಲಿಯ ಹೆಸರಿದೆ.

ಇಂಜಿನಿಯರ್ ಬುದ್ಧಿ ಸುಮ್ಮನಿರಲ್ಲ ನೋಡಿ, ಪುರಾಣದ ಲೋಕಕ್ಕೊಂದು ಆರ್ಗ್ ಚಾರ್ಟ್ ಬರೆಯೋಕೆ ಕೂತೆ :) ಮೇಲೆ ದೇವತೆಗಳು, ನಡುವೆ ನಾವು, ಕೆಳಗೆ ರಾಕ್ಷಸರು ಅಂತ ಮೂರು ಡಬ್ಬಿ ಹಾಕಿದರೆ ಮುಗೀತು ಅನ್ನಿಸುತ್ತೆ. ಆದ್ರೆ ಮುಗಿಯಲ್ಲ. ಅದಿತಿಯ ಮಕ್ಕಳು ದೇವತೆಗಳು, ದಿತಿಯ ಮಕ್ಕಳು ದೈತ್ಯರು, ದನುವಿನ ಮಕ್ಕಳು ದಾನವರು. ಮೂವರಿಗೂ ಅಪ್ಪ ಒಬ್ಬನೇ, ಕಶ್ಯಪ. ರಾವಣನಂತೂ ಬ್ರಹ್ಮನ ಮರಿಮಗ. ಇಂದ್ರ ಅನ್ನೋದು ಹೆಸರಲ್ಲ, ಹುದ್ದೆ. ಪಾತಾಳಕ್ಕೆ ತುಳಿಸಿಕೊಂಡ ಬಲಿಯೇ ಮುಂದಿನ ಮನ್ವಂತರದ ಇಂದ್ರನಂತೆ! ಅಂದ್ರೆ ಹುಟ್ಟಿನಿಂದ ಸ್ಥಾನ ಪೂರ್ತಿ ಗಟ್ಟಿಯಾಗಲ್ಲ, ಪ್ರಮೋಷನ್ ಉಂಟು.

ಆದ್ರೆ ಎಲ್ಲರಿಗೂ ಇಲ್ಲ. ಹಿಡಿಂಬನನ್ನ ಕೊಂದ ಭೀಮ ಅವನ ತಂಗಿ ಹಿಡಿಂಬಿಯನ್ನ ಮದುವೆಯಾದ. ಅವರ ಮಗ ಘಟೋತ್ಕಚ ಅಪ್ಪನ ಕಡೆಯೇ ನಿಂತು ಹೋರಾಡಿದ. ಅರ್ಜುನನಿಗೆಂದು ಕರ್ಣ ಇಟ್ಟುಕೊಂಡಿದ್ದ ಶಕ್ತ್ಯಾಯುಧಕ್ಕೆ ಅವನೇ ಬಲಿಯಾದ. ಪಾಂಡವರೆಲ್ಲ ಅಳುತ್ತಿದ್ದರೆ ಕೃಷ್ಣ ಸಂತೋಷಪಟ್ಟ ಅಂತ ವ್ಯಾಸಭಾರತ ಹೇಳುತ್ತೆ. ಇವನು ಯಜ್ಞದ್ವೇಷಿ, ಕರ್ಣ ಕೊಲ್ಲದಿದ್ದರೆ ನಾನೇ ಕೊಲ್ಲಬೇಕಾಗುತ್ತಿತ್ತು ಅನ್ನೋದು ಅವನ ವಿವರಣೆ. ಪ್ರಾಣ ಕೊಟ್ಟರೂ ಡಬ್ಬಿ ಬದಲಾಗಲಿಲ್ಲ. ನನಗೆ ಪ್ರತಿ ಸಲ ಚುಚ್ಚೋದು ಇದೇ.

ಇನ್ನು ಆ ದಿಬ್ಬದ ವಿಷಯ. ಇಂಥ ದಿಬ್ಬಗಳಲ್ಲಿರೋದು ಮೂಳೆಯ ಬೂದಿಯಲ್ಲ, ಸುಟ್ಟ ಸಗಣಿ ಅಂತ ರಾಬರ್ಟ್ ಬ್ರೂಸ್ ಫೂಟ್ ಆಗಲೇ ಹೇಳಿದ್ದ. ಉಟ್ನೂರಿನ ಉತ್ಖನನದ ನಂತರ ಆಲ್ಚಿನ್ 1963ರ ಪುಸ್ತಕದಲ್ಲಿ ಅದನ್ನ ಇನ್ನೂ ಗಟ್ಟಿ ಮಾಡಿದರು. ನಾಲ್ಕೈದು ಸಾವಿರ ವರ್ಷ ಹಿಂದೆ ಇಲ್ಲಿ ದನ ಕಾಯ್ದವರು ದೊಡ್ಡಿಯ ಸಗಣಿ ರಾಶಿ ಹಾಕಿ, ಮತ್ತೆ ಮತ್ತೆ ಸುಟ್ಟಿದ್ದು. ಅವರ ಹೆಸರು, ಭಾಷೆ, ದೇವರು ಯಾವುದೂ ಉಳಿಯಲಿಲ್ಲ. ಗೊತ್ತಿಲ್ಲದ ಆ ಜಾಗಕ್ಕೆ ನಾವು ರಾಕ್ಷಸನನ್ನ ತಂದು ಕೂರಿಸಿದ್ವಿ. ನಮ್ಮ ಹೊಲಕ್ಕೆ ಮೊದಲು ಬಂದವರನ್ನೇ ಚಾರ್ಟಿನ ಕೆಳಗಿನ ಡಬ್ಬಿಗೆ ಹಾಕಿದ ಹಾಗಾಯ್ತಲ್ವಾ?

ಈಗ ಕುಡತಿನಿಯಲ್ಲಿ 1,700 ಮೆಗಾವ್ಯಾಟಿನ ಥರ್ಮಲ್ ಸ್ಥಾವರ ಇದೆ. ಕಲ್ಲಿದ್ದಲು ಸುಟ್ಟ ಮೇಲೆ ಅದರದ್ದೂ ಬೂದಿಯೇ.. ಇನ್ನು ನಾಲ್ಕು ಸಾವಿರ ವರ್ಷ ಬಿಟ್ಟು ಬರೋರು ಅದನ್ನ ನೋಡಿ ಯಾವ ಅಸುರನ ಹೆಸರಿಡ್ತಾರೋ! ನಿಮ್ಮೂರ ಕಡೆ ಇಂಥ ರಾಕ್ಷಸರ ಗುಡ್ಡ, ಗುಂಡಿ ಇದ್ರೆ ಹೇಳಿ, ಚಾರ್ಟಿಗೆ ಸೇರಿಸ್ತೀನಿ. ಆದ್ರೆ ಈ ಸಲ ಕೆಳಗಿನ ಡಬ್ಬಿಗಲ್ಲ.